ಬಲ್ಬು ಬದಲಿಸುವ ಮೊದಲು: ಚಳಿನಾಡಿನಲ್ಲಿ ಹೆಬ್ಬಾವಿನ ಗೂಡಿಗೆ ಕಾವು

ಪ್ರಶ್ನೆ: ನಾವು ಕೆನಡಾದ ಬ್ರಾಂಪ್ಟನ್‌ನಲ್ಲಿದ್ದೇವೆ. ಹದಿನಾಲ್ಕು ವರ್ಷದ ಮಗ ಬಾಲ್ ಪೈಥಾನ್ ಎಂಬ ಜಾತಿಯ ಒಂದು ಹೆಬ್ಬಾವನ್ನು ಸಾಕಿದ್ದಾನೆ. ಗಂಡು, ಮೂರು ವರ್ಷದ್ದು. ಬೇಸ್‌ಮೆಂಟಿನಲ್ಲಿರುವ ಅವನ ಕೋಣೆಯ ಕಿಟಕಿಯ ಕೆಳಗೆ, ನೆಲದ ಮೇಲೆ, ಮೂರು ಅಡಿ ಉದ್ದದ ಗಾಜಿನ ಟ್ಯಾಂಕ್ ಇದೆ. ಮೇಲೆ ಜಾಲರಿ ಮುಚ್ಚಳ, ಅದರ ಮೇಲೆ 100 ವಾಟ್‌ನ ಕೆಂಪು ಬಲ್ಬು, ಒಂದು ತುದಿಯಲ್ಲಿ ತಳಕ್ಕೆ ಹೀಟ್ ಮ್ಯಾಟ್, ಅಂದರೆ ವಿದ್ಯುತ್ತಿನಿಂದ ಕಾಯುವ ಹಾಳೆ. ಎರಡೂ ಹಗಲಿರುಳು ಉರಿಯುತ್ತವೆ. ಗಾಜಿಗೆ ಅಂಟಿಸಿದ ಮುಳ್ಳಿನ ಥರ್ಮಾಮೀಟರ್ 29 ಡಿಗ್ರಿ ತೋರಿಸುತ್ತದೆ. ಆದರೂ ಹಾವು ಐದು ವಾರದಿಂದ ತಿಂದಿಲ್ಲ, ಮ್ಯಾಟ್ ಇರುವ ಮೂಲೆ ಬಿಟ್ಟು ಕದಲುವುದಿಲ್ಲ, ಕಳೆದ ಸಲ ಪೊರೆ ತುಂಡುತುಂಡಾಗಿ ಬಂತು. 150 ವಾಟ್‌ನ ಬಲ್ಬು ಹಾಕಬಹುದೇ? ಪರಿಚಯದವರೊಬ್ಬರು ವಿದ್ಯುತ್ತಿನಿಂದ ಬಿಸಿಯಾಗುವ ಕಲ್ಲನ್ನು ಒಳಗಿಡಿ ಎನ್ನುತ್ತಾರೆ. ಇನ್ನೆರಡು ವರ್ಷಕ್ಕೆ ನಾವು ಬೆಂಗಳೂರಿಗೆ ಮರಳುವವರು. ಅಲ್ಲಿ ಈ ತಾಪತ್ರಯ ಇರುವುದಿಲ್ಲವಷ್ಟೇ?

ಉತ್ತರ: ಸದ್ಯಕ್ಕೆ ಎರಡನ್ನೂ ಕೊಳ್ಳಬೇಡಿ. ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಅನಿಸುತ್ತಿರುವುದೇನೆಂದರೆ, ಗೂಡಿಗೆ ನೀವು ಕೊಡುತ್ತಿರುವ ಶಾಖ ಕಡಿಮೆಯೇನಲ್ಲ, ಅದರಲ್ಲಿ ಬಹುಪಾಲು ಜಾಲರಿಯಿಂದ ಮೇಲಕ್ಕೂ ಗಾಜಿನಿಂದ ಹೊರಕ್ಕೂ ಸೋರಿಹೋಗುತ್ತಿದೆ. ಜೊತೆಗೆ, ಹಾವು ನಿಜವಾಗಿ ಮಲಗುವ ಜಾಗದಲ್ಲಿ ಎಷ್ಟು ಡಿಗ್ರಿ ಇದೆ ಎಂಬುದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ತೂತು ಬಿದ್ದ ಕೊಡಕ್ಕೆ ನಲ್ಲಿಯನ್ನು ಇನ್ನಷ್ಟು ತಿರುಗಿಸಿದರೆ ಕೊಡ ತುಂಬುವುದಿಲ್ಲ. ಮೊದಲು ಅಳತೆ, ಆಮೇಲೆ ಸೋರಿಕೆ, ಕೊನೆಗೆ ಬಲ್ಬು. ಈ ಕ್ರಮದಲ್ಲೇ ಹೋಗೋಣ.

ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರನ್ನು ನಾನು ನಂಬುವುದಿಲ್ಲ. ಅದು ಅಳೆಯುವುದು ತಾನು ಅಂಟಿಕೊಂಡಿರುವ ಎತ್ತರದ ಗಾಜಿನ ಮತ್ತು ಅದರ ಮಗ್ಗುಲಿನ ಗಾಳಿಯ ಬಿಸಿಯನ್ನು; ಹಾವು ಇರುವುದು ಅದಕ್ಕಿಂತ ಒಂದು ಗೇಣು ಕೆಳಗೆ, ನೆಲಕ್ಕೆ ಹೊಟ್ಟೆ ಒತ್ತಿಕೊಂಡು. ಮೇಲಿನ ಬಲ್ಬಿನ ಬಿಸಿಗಾಳಿ ಮುಚ್ಚಳದ ಬಳಿಯೇ ಸುತ್ತಿ ಜಾಲರಿಯಿಂದ ಹೊರಬೀಳುತ್ತಿದ್ದರೆ ಅರ್ಧ ಎತ್ತರದಲ್ಲಿ 29 ಇದ್ದು, ತಣ್ಣಗಿನ ಬದಿಯ ನೆಲದಲ್ಲಿ 20 ಇರುವುದು ಸಾಧ್ಯ. ಅದೇ ಹೊತ್ತಿಗೆ ಮ್ಯಾಟಿನ ಮೇಲಿನ ಗಾಜು 40 ದಾಟಿರುವುದೂ ಸಾಧ್ಯ. ಒಂದೇ ಟ್ಯಾಂಕಿನಲ್ಲಿ ಶೀತವೂ ಸುಡುವ ಬಿಸಿಯೂ ಅಕ್ಕಪಕ್ಕದಲ್ಲಿರುತ್ತವೆ, ಮುಳ್ಳು ಮಾತ್ರ ಎರಡರ ನಡುವಿನ ಒಂದು ಸಮಾಧಾನದ ಅಂಕಿಯನ್ನು ತೋರಿಸುತ್ತ ನಿಂತಿರುತ್ತದೆ.

ಉದ್ದ ತಂತಿಯ ತುದಿಯಲ್ಲಿ ಬಿಸಿ ಅಳೆಯುವ ಪ್ರೋಬ್ ಇರುವ ಎರಡು ಡಿಜಿಟಲ್ ಥರ್ಮಾಮೀಟರ್‌ಗಳನ್ನು ತನ್ನಿ. ದುಬಾರಿಯದ್ದೇನೂ ಬೇಕಿಲ್ಲ, ಕನಿಷ್ಠ ಮತ್ತು ಗರಿಷ್ಠ ಅಂಕಿಯನ್ನು ನೆನಪಿಟ್ಟುಕೊಳ್ಳುವಂಥದ್ದಾದರೆ ಸಾಕು. ಒಂದರ ಪ್ರೋಬನ್ನು ಬಿಸಿ ಬದಿಯ ಅಡಗುದಾಣದ (ಹಾವು ಹೊಕ್ಕು ಅಡಗಲು ಇಟ್ಟ ಇಕ್ಕಟ್ಟಾದ ಗುಹೆಯಂಥದ್ದು) ಒಳಗೆ, ಹಾವಿನ ಹೊಟ್ಟೆ ತಾಗುವ ನೆಲದಲ್ಲಿ ಇಡಿ. ಇನ್ನೊಂದನ್ನು ಎದುರು ತುದಿಯ ಅಡಗುದಾಣದ ಒಳಗೆ, ಅದೇ ರೀತಿ. ಸಾಧ್ಯವಾದರೆ ಅಡುಗೆಮನೆಯವರು ಕಾವಲಿಯ ಬಿಸಿ ನೋಡಲು ಬಳಸುವ ಪಿಸ್ತೂಲಿನಾಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದಿರಲಿ. ಅದು ಗಾಳಿಯನ್ನಲ್ಲ, ಎದುರಿಗಿರುವ ಮೇಲ್ಮೈಯನ್ನು ಅಳೆಯುತ್ತದೆ. ಗಾಜಿನ ಹೊರಗಿನಿಂದ ಹಿಡಿದರೆ ಗಾಜಿನ ಬಿಸಿಯನ್ನೇ ಹೇಳುತ್ತದೆ, ಆದ್ದರಿಂದ ಮುಚ್ಚಳ ತೆಗೆದು ಒಳಗೆ ಗುರಿಯಿಡಬೇಕು. ಒಂದು ಇಡೀ ದಿನ ಏನನ್ನೂ ಬದಲಿಸದೆ ಎರಡೂ ಕಡೆಯ ಕನಿಷ್ಠ ಗರಿಷ್ಠಗಳನ್ನು ಬರೆದುಕೊಳ್ಳಿ. ಈ ಕೆಲಸವನ್ನು ಮಗನಿಗೇ ಬಿಡಿ. ಅವನ ವಯಸ್ಸಿನವರು ಇಂಥದ್ದನ್ನು ನಮಗಿಂತ ಚೊಕ್ಕಟವಾಗಿ ಮಾಡುತ್ತಾರೆ.

ಅಂಕಿಗಳು ಕೈಗೆ ಬಂದ ಮೇಲೆ ಅವನ್ನು ಯಾವುದಕ್ಕೆ ಹೋಲಿಸಬೇಕು ಎಂಬ ಪ್ರಶ್ನೆ. ಬಾಲ್ ಪೈಥಾನ್‌ಗೆ ಬಿಸಿ ಬದಿಯ ನೆಲ 31ರಿಂದ 33 ಡಿಗ್ರಿ ಇರಬೇಕು, ತಣ್ಣಗಿನ ಬದಿ 25ರಿಂದ 27; ರಾತ್ರಿ ಇಳಿದರೂ ಗೂಡಿನ ಯಾವ ಭಾಗವೂ 24ಕ್ಕಿಂತ ಕೆಳಗೆ ಹೋಗಬಾರದು, ಹಾವಿನ ಮೈ ತಾಗುವ ಯಾವ ಜಾಗವೂ 35 ದಾಟಬಾರದು. ಇಲ್ಲಿ ಎರಡು ಬೇರೆ ಬೇರೆ ಅಂಕಿಗಳಿರುವುದನ್ನು ಗಮನಿಸಿ. ಇಡೀ ಗೂಡನ್ನು ಏಕಪ್ರಕಾರವಾಗಿ 30ಕ್ಕೆ ತಂದು ನಿಲ್ಲಿಸಿದವರನ್ನೂ ನಾನು ಕಂಡಿದ್ದೇನೆ, ಅದೂ ತಪ್ಪೇ. ಹಾವನ್ನು ಶೀತರಕ್ತದ ಪ್ರಾಣಿ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಆ ಪದದಿಂದಾಗಿರುವ ತೊಂದರೆ ಸಣ್ಣದಲ್ಲ. ಬಿಸಿಲಿನಲ್ಲಿ ಮೈಕಾಯಿಸಿಕೊಂಡ ಹಾವಿನ ರಕ್ತ ನಮ್ಮ ರಕ್ತದಷ್ಟೇ ಬೆಚ್ಚಗಿರುತ್ತದೆ. ನಮಗೂ ಅದಕ್ಕೂ ಇರುವ ವ್ಯತ್ಯಾಸವೆಂದರೆ ನಾವು ಉಂಡ ಅನ್ನದಿಂದ ಒಳಗೇ ಕಾವು ಹುಟ್ಟಿಸಿಕೊಳ್ಳುತ್ತೇವೆ, ಅದು ಜಾಗ ಬದಲಿಸಿ ಕಾವು ಸಂಪಾದಿಸುತ್ತದೆ. ಹೊಟ್ಟೆ ತುಂಬಿದಾಗ ಬಿಸಿಯ ಕಡೆಗೆ, ಸಾಕೆನಿಸಿದಾಗ ತಂಪಿನ ಕಡೆಗೆ ಹರಿಯುವುದೇ ಅದರ ದೇಹದ ಥರ್ಮೋಸ್ಟಾಟ್, ಅಂದರೆ ಬಿಸಿಯನ್ನು ಹದದಲ್ಲಿಡುವ ಸಾಧನ. ಮೂರಡಿಯ ಪೆಟ್ಟಿಗೆಯಲ್ಲಿ ಎರಡು ಹವೆಗಳನ್ನು ನಾವು ಒದಗಿಸದಿದ್ದರೆ ಆ ಸಂಪಾದನೆಗೆ ದಾರಿಯೇ ಇರುವುದಿಲ್ಲ.

ಈ ಜಾತಿಯ ಹೆಬ್ಬಾವಿನ ತವರು ಆಫ್ರಿಕಾದ ಪಶ್ಚಿಮ ಮತ್ತು ಮಧ್ಯಭಾಗ; ಸೆನೆಗಲ್‌ನಿಂದ ಉಗಾಂಡದವರೆಗಿನ ಹುಲ್ಲುಗಾವಲು ಮತ್ತು ಹೊಲಗದ್ದೆಗಳ ಅಂಚು. ಸಾಕುವವರ ಮಾರುಕಟ್ಟೆಗೆ ದಶಕಗಳಿಂದ ಇವು ಹೋಗುತ್ತಿರುವುದು ಹೆಚ್ಚಾಗಿ ಘಾನಾ, ಟೋಗೊ, ಬೆನಿನ್ ದೇಶಗಳಿಂದ. ಅಲ್ಲಿ ಇವು ಹಗಲನ್ನು ಕಳೆಯುವುದು ಇಲಿಗಳ ಬಿಲಗಳಲ್ಲಿ ಮತ್ತು, ನಮ್ಮ ಕಡೆಯವರಿಗೆ ಆಶ್ಚರ್ಯವಾಗದ ಹಾಗೆ, ಗೆದ್ದಲಿನ ಹುತ್ತಗಳಲ್ಲಿ. ಗೆದ್ದಲು ಕಟ್ಟಿದ ಮನೆಗೆ ಹಾವು ಒಡೆಯನಾಗುವುದು ನಮ್ಮಲ್ಲಿ ಗಾದೆಯ ಮಾತು, ಘಾನಾದಲ್ಲಿ ಅದು ಬಾಲ್ ಪೈಥಾನಿನ ದಿನಚರಿ. ಹೊರಗೆ ಮಧ್ಯಾಹ್ನದ ನೆಲ ಕಾಲಿಡಲಾಗದಷ್ಟು ಕಾದಿದ್ದರೂ, ಬೆಳಗಿನ ಜಾವ ತಂಪಾಗಿದ್ದರೂ, ಮಣ್ಣಿನೊಳಗಿನ ಹವೆ ಹೆಚ್ಚು ಏರಿಳಿಯುವುದಿಲ್ಲ; ಬೆಚ್ಚಗೆ, ಕತ್ತಲೆಯಾಗಿ, ತೇವವಾಗಿ, ಮೈಗೆ ಸುತ್ತಲೂ ಒತ್ತಿಕೊಳ್ಳುವಷ್ಟು ಇಕ್ಕಟ್ಟಾಗಿ ಇರುತ್ತದೆ. ನಿಮ್ಮ ಗಾಜಿನ ಟ್ಯಾಂಕ್ ಇದರ ನೇರ ವಿರುದ್ಧ. ಎಲ್ಲ ಕಡೆಯಿಂದ ಬೆಳಕು, ಮೇಲೆ ತೆರೆದ ಜಾಲರಿ, ಕೆಳಗೆ ತಣ್ಣನೆಯ ಕಾಂಕ್ರೀಟು, ಬೆನ್ನಿಗೆ ಜನವರಿಯ ಕಿಟಕಿ.

ಈಗ ಸೋರಿಕೆಯ ವಿಚಾರ. ಬೇಸ್‌ಮೆಂಟಿನ ಕಿಟಕಿಯ ಗಾಜಿನಿಂದ ತಣ್ಣನೆಯ ಗಾಳಿ ಗೋಡೆಗುಂಟ ಕೆಳಗಿಳಿಯುತ್ತದೆ. ಅದರ ಕೆಳಗೇ ಗೂಡನ್ನಿಟ್ಟಿದ್ದೀರಿ. ಮೊದಲು ಅಲ್ಲಿಂದ ತೆಗೆದು ಒಳಗೋಡೆಯ ಕಡೆಗೆ, ಸೊಂಟದೆತ್ತರದ ಗಟ್ಟಿ ಮೇಜಿನ ಮೇಲೆ ಇಡಿ. ಕೋಣೆಯೊಂದರಲ್ಲಿ ನೆಲಕ್ಕೂ ಸೊಂಟದೆತ್ತರಕ್ಕೂ ಎರಡು ಮೂರು ಡಿಗ್ರಿ ವ್ಯತ್ಯಾಸವಿರುವುದು ಬೇಸ್‌ಮೆಂಟ್‌ಗಳಲ್ಲಿ ಸಾಮಾನ್ಯ, ಆ ಮೂರು ಡಿಗ್ರಿ ನಿಮಗೆ ಪುಕ್ಕಟೆಯಾಗಿ ಸಿಗುತ್ತದೆ. ಫರ್ನೇಸಿನ ಬಿಸಿಗಾಳಿಯ ಕಿಂಡಿಗೆ ನೇರವಾಗಿ ಇಡಬೇಡಿ; ಅದು ಬಿಟ್ಟುಬಿಟ್ಟು ಊದುವ ಒಣಗಾಳಿ, ಲೆಕ್ಕಕ್ಕೆ ಸಿಗುವುದಿಲ್ಲ.

ಆಮೇಲೆ ಹಿಂಬದಿ ಮತ್ತು ಎರಡು ಪಕ್ಕದ ಗಾಜುಗಳಿಗೆ ಹೊರಗಿನಿಂದ ಎರಡು ಮೂರು ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಹಾಳೆಯನ್ನು ಅಳತೆಗೆ ಕತ್ತರಿಸಿ ಅಂಟಿಸಿ. ಒಳಗೆ ಅಂಟಿಸಬೇಡಿ. ಟೇಪಿನ ಅಂಟಿಗೆ ಹಾವಿನ ಮೈ ಹತ್ತಿಕೊಂಡರೆ ಬಿಡಿಸುವಾಗ ಚರ್ಮವೇ ಕಿತ್ತುಬರುತ್ತದೆ. ಗೂಡಿನ ಒಳಗೆ ಯಾವ ಟೇಪೂ ಇರಕೂಡದೆಂಬುದು ನನ್ನ ಒಂದು ಹಟ, ಅದಕ್ಕೆ ಕಾರಣವಾದ ಹಾವುಗಳನ್ನು ನಾನೇ ಎಣ್ಣೆ ಹಚ್ಚಿ ಬಿಡಿಸಿದ್ದೇನೆ. ಎದುರಿನ ಗಾಜೊಂದು ತೆರೆದಿದ್ದರೆ ನಿಮಗೆ ನೋಡಲು ಸಾಕು; ಮೂರು ಕಡೆ ಮುಚ್ಚಿದ್ದರಿಂದ ಹಾವಿಗೂ ತಾನು ಬಯಲಲ್ಲಿಲ್ಲವೆಂಬ ಧೈರ್ಯ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ತೂತು ಜಾಲರಿ ಮುಚ್ಚಳ. ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ಅಲ್ಲಿ ಅದಕ್ಕೆ ಬಾಗಿಲು ತೆರೆದೇ ಇದೆ. ದೀಪದ ಬುರುಡೆ ಕೂರುವ ಜಾಗವನ್ನೂ ಅದರ ಸುತ್ತ ಒಂದು ಗೇಣನ್ನೂ ಬಿಟ್ಟು ಉಳಿದ ಜಾಲರಿಯಲ್ಲಿ ಮುಕ್ಕಾಲು ಪಾಲನ್ನು ದಪ್ಪ ಅಲ್ಯೂಮಿನಿಯಂ ಫಾಯಿಲ್‌ನಿಂದ ಮುಚ್ಚಿ. ದೂರದ ಮೂಲೆಯಲ್ಲಿ ಅಂಗೈಯಗಲದ ಜಾಲರಿ ಗಾಳಿಯಾಡಲು ತೆರೆದಿರಲಿ. ಬಟ್ಟೆ, ಟವೆಲು, ರಟ್ಟು ಇವುಗಳನ್ನು ಬಿಸಿ ದೀಪದ ಹತ್ತಿರ ಎಂದಿಗೂ ಹಾಸಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ. ಇಷ್ಟು ಮಾಡಿ, ಬಲ್ಬನ್ನು ಮುಟ್ಟದೆ, ಮತ್ತೊಂದು ದಿನ ಅಳೆಯಿರಿ. ಮುಂದೆ ಗೂಡು ಬದಲಿಸುವ ಯೋಚನೆ ಬಂದರೆ ಪಿವಿಸಿ ಹಲಗೆಯದ್ದನ್ನು, ನಾಲ್ಕಡಿ ಉದ್ದದ್ದನ್ನು ನೋಡಿ. ವಯಸ್ಕ ಹಾವಿಗೆ ಮೂರಡಿ ಹೇಗೂ ಇಕ್ಕಟ್ಟು, ಪಿವಿಸಿ ಗಾಜಿಗಿಂತ ಬಹಳ ಚೆನ್ನಾಗಿ ಬಿಸಿ ಹಿಡಿಯುತ್ತದೆ. ಈ ಚಳಿಗಾಲಕ್ಕೆ ಮಾತ್ರ ಇರುವ ಟ್ಯಾಂಕಿನಲ್ಲೇ ಸಾಗಬಹುದು.

ಇನ್ನು ಬಲ್ಬು. ಕೆಂಪು ಬೆಳಕು ಹಾವಿಗೆ ಕಾಣುವುದಿಲ್ಲ, ಆದ್ದರಿಂದ ರಾತ್ರಿಯೂ ಉರಿಸಬಹುದು ಎಂಬ ಮಾತನ್ನು ಅಂಗಡಿಗಳಲ್ಲಿ ಇಂದಿಗೂ ಹೇಳುತ್ತಾರೆ. ಅಷ್ಟು ಹತ್ತಿರದಿಂದ ಸುರಿಯುವ 100 ವಾಟ್‌ನ ಕೆಂಪು ಬೆಳಕು ಈ ಹಾವಿಗೆ ಕತ್ತಲೆಯಲ್ಲ. ಹಗಲಿರುಳಿನ ಗುರುತೇ ಸಿಗದ ಗೂಡಿನಲ್ಲಿ ಇರುಳಿನಲ್ಲಿ ಬೇಟೆಯಾಡುವ ಪ್ರಾಣಿ ಹೊರಬರಲು ಹಿಂಜರಿಯುತ್ತದೆ. ಅದನ್ನು ತೆಗೆದು, ಬೆಳಕೇ ಇಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಹೀಟರ್ ಹಾಕಿ. ಇದು ನೋಡಲು ಬಲ್ಬಿನಂತೆಯೇ ಸುರುಳಿಯ ಬುಡವಿರುವ ಪಿಂಗಾಣಿ ಉಂಡೆ, ಸೋರಿಕೆ ನಿಲ್ಲಿಸಿದ ನಿಮ್ಮ ಗೂಡಿಗೆ 100 ವಾಟ್ ಸಾಕಾಗುತ್ತದೆ. ಅದಕ್ಕೆ ಹೋಲ್ಡರ್ ಪಿಂಗಾಣಿಯದ್ದೇ ಆಗಬೇಕು; ಈ ಹೀಟರಿನ ಮೈ 200 ಡಿಗ್ರಿ ದಾಟುತ್ತದೆ, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ಬೆಳಗುವುದಿಲ್ಲವಾದ್ದರಿಂದ ಉರಿಯುತ್ತಿದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ, ಆರಿಸಿದ ಮೇಲೂ ಅರ್ಧ ಗಂಟೆ ಮುಟ್ಟಬಾರದೆಂದು ಮಗನಿಗೆ ಹೇಳಿ. ಹಗಲಿನ ಬೆಳಕಿಗೆ ಕೋಣೆಯ ದೀಪವೇ ಸಾಕು, ಅಥವಾ ಹನ್ನೆರಡು ಗಂಟೆ ಉರಿದು ಆರುವ ಸಣ್ಣ ಎಲ್‌ಇಡಿ ಇರಲಿ.

ಹೀಟ್ ಮ್ಯಾಟ್ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ ಸಾಲು ಅದೇ. ಥರ್ಮೋಸ್ಟಾಟ್ ಇಲ್ಲದೆ ಹಗಲಿರುಳು ಹೊತ್ತಿಕೊಂಡಿರುವ ಮ್ಯಾಟ್, ಅದರ ಮೇಲಿನ ಮೂಲೆ ಬಿಟ್ಟು ಕದಲದ ಹಾವು. ಕೆಲವು ವರ್ಷಗಳ ಹಿಂದೆ ಒಂದು ಕುಟುಂಬ ಇಂಥದ್ದೇ ಹಾವನ್ನು ದಿಂಬಿನ ಚೀಲದಲ್ಲಿ ಹಾಕಿ ನನ್ನಲ್ಲಿಗೆ ತಂದಿತ್ತು. ತಿನ್ನುತ್ತಿಲ್ಲ ಎಂಬುದಷ್ಟೇ ದೂರು. ಮೇಜಿನ ಮೇಲೆ ಬಿಟ್ಟಾಗ ಬೆನ್ನು ನೋಡಿದರೆ ಹೊಳೆಯುತ್ತಿತ್ತು, ಏನೂ ಆಗಿಲ್ಲ ಅನ್ನಬೇಕು. ಮೆಲ್ಲಗೆ ಮಗುಚಿದೆ. ನಡುವಿನಿಂದ ಕೆಳಗೆ ಒಂದು ಗೇಣುದ್ದಕ್ಕೆ ಹೊಟ್ಟೆಯ ಅಡ್ಡ ಹುರುಪೆಗಳು ಕೆನೆಬಣ್ಣ ಕಳೆದುಕೊಂಡು ಸೀದ ದೋಸೆಯ ಅಂಚಿನಂತೆ ಕಂದಾಗಿದ್ದವು, ಅಂಚುಗಳು ಮೇಲಕ್ಕೆ ಮಡಚಿಕೊಂಡಿದ್ದವು, ನಡುನಡುವೆ ನೀರು ತುಂಬಿದ ಬೊಕ್ಕೆಗಳು. ಮನೆಗೆ ಹೋಗಿ ಮ್ಯಾಟಿನ ಮೇಲಿನ ಗಾಜನ್ನು ಅಳೆದು ಹೇಳಿ ಎಂದೆ. 46 ಡಿಗ್ರಿ ಇತ್ತು. ಹಾವು ಹಾಸನ್ನು ಪಕ್ಕಕ್ಕೆ ತಳ್ಳಿ ಬರಿಯ ಗಾಜಿನ ಮೇಲೆ ವಾರಗಟ್ಟಲೆ ಮಲಗಿತ್ತು. ತುಟಿಯ ಮೇಲಿನ ಕುಳಿಗಳಿಂದ ಕತ್ತಲೆಯಲ್ಲೂ ಇಲಿಯ ಮೈಬಿಸಿಯನ್ನು ಗುರುತಿಸುವ ಪ್ರಾಣಿ ತನ್ನ ಹೊಟ್ಟೆ ಸುಡುತ್ತಿರುವಾಗ ಏಕೆ ಏಳಲಿಲ್ಲ ಎಂದು ಆ ಮನೆಯ ಹುಡುಗಿ ಕೇಳಿದಳು. ಉಳಿದ ಗೂಡೆಲ್ಲ ಕೊರೆಯುತ್ತಿದ್ದರೆ ಹಾವು ಸುಡುವ ಜಾಗವನ್ನೂ ಬಿಡುವುದಿಲ್ಲ, ಎಂದೆ. ನಾಲ್ಕು ಸಲ ಪೊರೆ ಕಳಚುವ ತನಕ ಆ ಕಲೆ ಹೋಗಲಿಲ್ಲ.

ಆದ್ದರಿಂದ ಈ ಪತ್ರ ಓದಿದ ಸಂಜೆಯೇ ನಿಮ್ಮ ಹಾವಿನ ಹೊಟ್ಟೆಯನ್ನು ಒಮ್ಮೆ ನೋಡಿ. ಕೆಂಪು, ಕಂದು ಅಥವಾ ಬೊಕ್ಕೆ ಕಂಡರೆ ಮ್ಯಾಟ್ ಆರಿಸಿ, ಹಾಸು ತೆಗೆದು ಬಿಳಿ ಕಾಗದ ಹಾಸಿ, ಸರೀಸೃಪಗಳನ್ನು ನೋಡುವ ಪಶುವೈದ್ಯರಲ್ಲಿಗೆ ಹೋಗಿ. ಬಿಸಿಗಲ್ಲಿನ ಸಲಹೆಯನ್ನು ನಾನು ಒಪ್ಪದಿರುವುದೂ ಇದೇ ಕಾರಣಕ್ಕೆ. ಹಾವು ಸುತ್ತಿಕೊಂಡು ಅಪ್ಪಿ ಮಲಗುವಂಥ ವಸ್ತುವನ್ನೇ ಬಿಸಿಯ ಮೂಲವನ್ನಾಗಿ ಮಾಡುವುದು, ಅದರಲ್ಲೂ ಒಂದು ಕಡೆ ಉಗುರುಬೆಚ್ಚಗೆ ಇನ್ನೊಂದು ಕಡೆ ಸುಡುವಂತೆ ಕಾಯುವ ಕಲ್ಲನ್ನು, ಸುಟ್ಟ ಗಾಯಕ್ಕೆ ಆಹ್ವಾನ ಕೊಟ್ಟಂತೆ.

ಥರ್ಮೋಸ್ಟಾಟ್ ಇಲ್ಲದ ಹೀಟರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಬಾರದು. ಇದರಲ್ಲಿ ನನಗೆ ರಾಜಿಯಿಲ್ಲ. ನಿಮಗೆ ಎರಡು ಬೇಕು. ಮ್ಯಾಟಿಗೆ, ಬಿಸಿ ಏರಿದಾಗ ಆರಿ ಇಳಿದಾಗ ಹೊತ್ತುವ ಸಾದಾ ಥರ್ಮೋಸ್ಟಾಟ್ ಸಾಲುತ್ತದೆ. ಸೆರಾಮಿಕ್ ಹೀಟರಿಗೆ ವಿದ್ಯುತ್ತನ್ನು ಸಣ್ಣ ಸಣ್ಣ ತುಣುಕುಗಳಾಗಿ ಕೊಡುವ ಪಲ್ಸ್ ಮಾದರಿಯದು ಉತ್ತಮ. ಮುಂದೆ ಹ್ಯಾಲೊಜೆನ್ ದೀಪ ಹಾಕುವುದಾದರೆ ಅದಕ್ಕೆ ಡಿಮ್ಮರ್ ಮಾದರಿಯೇ ಬೇಕು, ಇಲ್ಲದಿದ್ದರೆ ದೀಪ ಮಿನುಗುತ್ತದೆ. ಮ್ಯಾಟ್ ತಳದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿಗೆ ಹರಡಿರಬಾರದು. ಅದರ ಥರ್ಮೋಸ್ಟಾಟಿನ ಪ್ರೋಬನ್ನು ಮ್ಯಾಟಿಗೂ ಗಾಜಿಗೂ ನಡುವೆ, ಹೊರಗಡೆಯೇ, ಅಲುಗಾಡದಂತೆ ಕೂರಿಸಿ 33ಕ್ಕೆ ಹೊಂದಿಸಿ. ಆಮೇಲೆ ಒಳಗಿನ ನೆಲದ ಅಂಕಿ ನೋಡಿ ಒಂದೆರಡು ಡಿಗ್ರಿ ಸರಿಮಾಡಿಕೊಳ್ಳಿ. ಸೆರಾಮಿಕ್ ಹೀಟರಿನ ಪ್ರೋಬು ಬಿಸಿ ಬದಿಯಲ್ಲಿ, ನೆಲದಿಂದ ನಾಲ್ಕು ಬೆರಳು ಮೇಲೆ, ಗೋಡೆಗೆ ಕ್ಲಿಪ್ಪಿನಿಂದ ಬಿಗಿದಿರಲಿ. ಅದರ ಕೆಲಸ ಗೂಡಿನ ಗಾಳಿಯನ್ನು ಹಿಡಿದಿಡುವುದು, ಆದ್ದರಿಂದ 28ಕ್ಕೆ ಹೊಂದಿಸಿದರೆ ತಣ್ಣಗಿನ ಬದಿ ಸಾಮಾನ್ಯವಾಗಿ ತಾನಾಗಿ 25ರ ಮೇಲೆ ಬಂದು ನಿಲ್ಲುತ್ತದೆ.

ಥರ್ಮೋಸ್ಟಾಟ್ ಹಾಕಿದವರೂ ಎಡವುವ ಜಾಗ ಒಂದಿದೆ. ಅದು ತನ್ನ ಪ್ರೋಬ್ ಇರುವ ಜಾಗವನ್ನು ಮಾತ್ರ ಬಲ್ಲದು. ಹಾವು ಹರಿದಾಡುವಾಗ ತಂತಿಯನ್ನು ಎಳೆದು ಪ್ರೋಬ್ ನೀರಿನ ಬಟ್ಟಲಿಗೆ ಬಿದ್ದರೆ, ಅಥವಾ ಶುಚಿ ಮಾಡುವಾಗ ಹೊರಗೆ ತೆಗೆದಿಟ್ಟು ಮರೆತರೆ, ಗೂಡು ತಣ್ಣಗಿದೆ ಎಂದು ತಿಳಿದು ಹೀಟರನ್ನು ನಿಲ್ಲಿಸದೆ ಉರಿಸುತ್ತದೆ. ಬೇರೆಯದೇ ಥರ್ಮಾಮೀಟರ್ ಎರಡು ಇರಲಿ ಎಂದಿದ್ದು ಅದಕ್ಕಾಗಿಯೇ. ಕರೆಂಟಿನ ಖರ್ಚಿನ ಚಿಂತೆಯಿದ್ದರೆ ಲೆಕ್ಕ ಸರಳ: 100 ವಾಟ್ ಬಿಡದೆ ಉರಿದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಸೋರಿಕೆ ಮುಚ್ಚಿದ ಗೂಡಿನಲ್ಲಿ ಥರ್ಮೋಸ್ಟಾಟ್ ದಿನದ ಬಹುಪಾಲು ಹೊತ್ತು ಹೀಟರನ್ನು ಆರಿಸಿಯೇ ಇಟ್ಟಿರುತ್ತದೆ.

ಪೊರೆ ತುಂಡಾಗಿ ಬಂದದ್ದಕ್ಕೆ ಬಿಸಿಯಷ್ಟೇ ಕಾರಣವಲ್ಲ, ಆದರೆ ಬಿಸಿಗೂ ಅದಕ್ಕೂ ನಂಟಿದೆ. ಹೊರಗೆ ಮೈನಸ್ 15 ಡಿಗ್ರಿಯಲ್ಲಿ ತೇವದಿಂದ ತುಂಬಿರುವ ಗಾಳಿಯನ್ನೇ ಮನೆಯೊಳಗೆ ತಂದು 20ಕ್ಕೆ ಕಾಯಿಸಿದರೂ ಅದರ ಆರ್ದ್ರತೆ ಶೇಕಡಾ 7ರ ಆಸುಪಾಸಿಗೆ ಇಳಿಯುತ್ತದೆ. ನಮ್ಮ ಅಡುಗೆ, ಸ್ನಾನ, ಉಸಿರುಗಳಿಂದ ಮನೆಯ ಗಾಳಿ ಸ್ವಲ್ಪ ಸುಧಾರಿಸುತ್ತದೆ, ಅಷ್ಟೇ. ಚಳಿಗಾಲದಲ್ಲಿ ನಿಮ್ಮ ತುಟಿ ಒಡೆಯುತ್ತಿದ್ದರೆ ಹಾವಿನ ಪೊರೆಯೂ ಒಡೆಯುತ್ತದೆ. ಈ ಹಾವಿಗೆ ಶೇಕಡಾ 60ರ ಆಸುಪಾಸಿನ ಆರ್ದ್ರತೆ ಬೇಕು, ಕಣ್ಣು ಹಾಲುಬಣ್ಣಕ್ಕೆ ತಿರುಗಿ ಪೊರೆ ಕಳಚುವ ದಿನಗಳಲ್ಲಿ 70. ಗೂಡಿಗೆ ಹೀಟರ್ ಹೆಚ್ಚಿಸಿದಷ್ಟೂ ಆರ್ದ್ರತೆಯ ಅಂಕಿ ಬೀಳುತ್ತದೆ, ಜಾಲರಿ ತೆರೆದಿದ್ದರಂತೂ ಚಿಮುಕಿಸಿದ ನೀರು ಒಂದು ಗಂಟೆಯಲ್ಲಿ ಮಾಯ. ಜಾಲರಿ ಮುಚ್ಚುವುದರಿಂದ ಬಿಸಿಯೂ ತೇವವೂ ಒಟ್ಟಿಗೆ ಉಳಿಯುತ್ತವೆ.

ಹಾಸಿಗೆ ಮರದ ಹೊಟ್ಟಿನ ಬದಲು ತೆಂಗಿನ ನಾರಿನ ಪುಡಿಯನ್ನು ನಾಲ್ಕು ಬೆರಳು ದಪ್ಪಕ್ಕೆ ಹಾಕಿ. ಅಂಗಡಿಯಲ್ಲಿ ಇಟ್ಟಿಗೆಯಂತೆ ಒತ್ತಿ ಮಾರುವ ಈ ಪುಡಿ ಹೆಚ್ಚಾಗಿ ಶ್ರೀಲಂಕಾ, ಭಾರತಗಳ ತೋಟಗಳಿಂದಲೇ ಬಂದಿರುತ್ತದೆ. ತುಮಕೂರು ತಿಪಟೂರಿನ ಕಡೆಯವರಾದರೆ ವಾಸನೆಯಿಂದಲೇ ಗುರುತಿಸುತ್ತೀರಿ. ಮೇಲೆ ಚಿಮುಕಿಸುವುದಕ್ಕಿಂತ ಮೂಲೆಗಳಲ್ಲಿ ನೀರು ಸುರಿದು ಅಡಿಯ ಪದರ ತೇವವಾಗಿ ಮೇಲ್ಪದರ ಒಣಗಿರುವಂತೆ ನೋಡಿಕೊಳ್ಳಿ, ಹಸಿ ನೆಲದ ಮೇಲೆ ಸದಾ ಮಲಗಿದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಒಂದು ಅಡಗುದಾಣದೊಳಗೆ ಹಿಂಡಿದ ಸ್ಫ್ಯಾಗ್ನಮ್ ಪಾಚಿ ಇಡಿ. ಒಂದು ಎಚ್ಚರಿಕೆ: ದಪ್ಪ ಹಾಸಿನ ಕೆಳಗೆ ಮ್ಯಾಟಿನ ಬಿಸಿ ಸಿಕ್ಕಿಕೊಳ್ಳುತ್ತದೆ, ಹಾವು ಬಗೆದು ಕೆಳಗಿಳಿಯುತ್ತದೆ. ಮ್ಯಾಟ್ ಇರುವ ಕಡೆ ಹಾಸು ಒಂದು ಬೆರಳಿಗಿಂತ ದಪ್ಪವಿರಬಾರದು.

ತಿನ್ನದಿರುವುದರ ಬಗ್ಗೆ ನಿಮಗೆ ಆತಂಕವಿದೆ, ನನಗೆ ಅಷ್ಟಿಲ್ಲ. ಈ ಜಾತಿಯ ವಯಸ್ಕ ಗಂಡುಗಳು ಚಳಿಗಾಲದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸವಿರುವುದು ಸಾಕಿದವರೆಲ್ಲ ಬಲ್ಲ ಸಂಗತಿ. ಅಡುಗೆಮನೆಯ ತಕ್ಕಡಿಯಲ್ಲಿ ಹತ್ತು ದಿನಕ್ಕೊಮ್ಮೆ ತೂಗಿ. ತೂಕದಲ್ಲಿ ಹತ್ತನೆಯ ಒಂದು ಪಾಲು ಇಳಿಯದಿದ್ದರೆ ಕಾಯಬಹುದು. ನಿಜವಾದ ಅಪಾಯ ಬೇರೆ ಕಡೆಯಿದೆ. ತಣ್ಣಗಿನ ಗೂಡಿನಲ್ಲಿ ಹಾವು ಮನಸ್ಸು ಮಾಡಿ ತಿಂದುಬಿಟ್ಟರೆ? ಇಲಿಯನ್ನು ನುಂಗಿದ ಹೆಬ್ಬಾವಿನ ಕರುಳು, ಯಕೃತ್ತುಗಳು ಹಿಗ್ಗಿ ಕೆಲಸಕ್ಕಿಳಿಯುತ್ತವೆ, ಆ ಕೆಲಸ ನಡೆಯುವುದು ಹೊರಗಿನ ಬಿಸಿಯ ಬಲದಿಂದ. ಬಿಸಿ ಸಾಲದಿದ್ದರೆ ಒಳಗಿನ ಇಲಿ ಅರಗುವ ಬದಲು ಕೊಳೆಯಲು ತೊಡಗುತ್ತದೆ, ನಾಲ್ಕಾರು ದಿನದಲ್ಲಿ ಹಾವು ಅದನ್ನು ಕಾರುತ್ತದೆ. ಒಮ್ಮೆ ಕಾರಿದ ಹಾವು ಚೇತರಿಸಿಕೊಳ್ಳಲು ವಾರಗಳು ಬೇಕು. ಗೂಡಿನ ಎರಡೂ ಅಂಕಿಗಳು ಹೇಳಿದ ಮಿತಿಯಲ್ಲಿ ಒಂದು ಪೂರ್ತಿ ವಾರ ನಿಲ್ಲುವವರೆಗೆ ಇಲಿ ಕೊಡಬೇಡಿ, ಹಾವನ್ನು ಎತ್ತಿ ಆಡಿಸಲೂ ಬೇಡಿ.

ಕಾಯಬಾರದ ಲಕ್ಷಣಗಳು ಇವು: ಉಸಿರಿನಲ್ಲಿ ಸೀಟಿಯಂಥ ಅಥವಾ ಕಟಕಟ ಸದ್ದು, ಮೂಗಿನ ಬಳಿ ಗುಳ್ಳೆ, ಬಾಯಿ ಅರೆತೆರೆದು ತಲೆಯನ್ನು ಮೇಲಕ್ಕೆತ್ತಿಯೇ ಇರುವುದು, ಬಾಯೊಳಗೆ ಅಂಟಾದ ಲೋಳೆ. ಬಹುಕಾಲ ಚಳಿಯಲ್ಲಿದ್ದ ಹಾವಿನ ರೋಗನಿರೋಧಕ ಶಕ್ತಿ ಕುಂದಿ ಶ್ವಾಸಕೋಶಕ್ಕೆ ಸೋಂಕು ತಗಲುವುದು ಸಾಮಾನ್ಯ. ನಮ್ಮಂತೆ ಕೆಮ್ಮಿ ಕಫ ಹೊರಹಾಕುವ ಶಕ್ತಿ ಅದಕ್ಕಿಲ್ಲದ್ದರಿಂದ ರೋಗ ಬೇಗ ಬಲಿಯುತ್ತದೆ. ಇಂಥ ಯಾವುದು ಕಂಡರೂ ಮನೆಮದ್ದು ಬೇಡ.

ಕರೆಂಟು ಹೋಗುವ ರಾತ್ರಿಗೂ ಸಿದ್ಧರಿರಬೇಕು. 2013ರ ಡಿಸೆಂಬರ್ ಕೊನೆಯ ಹಿಮಮಳೆಯಲ್ಲಿ ನಿಮ್ಮ ಪಕ್ಕದ ಟೊರಾಂಟೊ ನಗರವೊಂದರಲ್ಲೇ ಸುಮಾರು 3 ಲಕ್ಷ ಗ್ರಾಹಕರು ಕತ್ತಲಲ್ಲಿದ್ದರು, ಕೆಲವು ಮನೆಗಳಿಗೆ ಕ್ರಿಸ್‌ಮಸ್ ಕಳೆದರೂ ವಿದ್ಯುತ್ ಬರಲಿಲ್ಲ. ಹಸಿದ ಹೊಟ್ಟೆಯ, ಆರೋಗ್ಯವಂತ ವಯಸ್ಕ ಹಾವು 20 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ದಿನ ತಡೆದುಕೊಳ್ಳುತ್ತದೆ, ಗಾಬರಿ ಬೇಡ. ಗಾಜಿನ ಟ್ಯಾಂಕಿನಲ್ಲಿ ಬಿಡದೆ ದಿಂಬಿನ ಚೀಲಕ್ಕೆ ಹಾಕಿ ಬಾಯಿ ಗಂಟುಹಾಕಿ, ಥರ್ಮೋಕೋಲ್ ಪೆಟ್ಟಿಗೆಯೊಳಗೆ ಇಟ್ಟು, ಕೈಗೆ ಹಿತವೆನಿಸುವಷ್ಟು ಬಿಸಿಯ ನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಪಕ್ಕಕ್ಕೆ ಇಡಿ, ತಣಿದಂತೆ ಬದಲಿಸಿ. ಕೈಬೆಚ್ಚಗಿಡುವ ಪೊಟ್ಟಣಗಳನ್ನು ಬಳಸುವುದಾದರೆ ಪೆಟ್ಟಿಗೆಗೆ ತೂತುಗಳಿರಲಿ. ಅವು ಕಾಯುವುದು ಒಳಗಿನ ಕಬ್ಬಿಣದ ಪುಡಿ ಗಾಳಿಯ ಆಮ್ಲಜನಕದೊಂದಿಗೆ ತುಕ್ಕು ಹಿಡಿಯುವುದರಿಂದ. ಹಾವಿಗೆಂದು ಮನೆಯೊಳಗೆ ಇದ್ದಿಲು ಒಲೆ ಹಚ್ಚುವುದು, ಜನರೇಟರ್ ಓಡಿಸುವುದು ಹಾವಿಗಿಂತ ಮೊದಲು ಮನುಷ್ಯರನ್ನು ಕೊಲ್ಲುತ್ತದೆ.

ಬೆಂಗಳೂರಿನ ಮಾತು. ಅಲ್ಲಿ ತಾಪತ್ರಯ ಕಡಿಮೆ, ಇಲ್ಲವೆನ್ನಲಾರೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 15, 16 ಡಿಗ್ರಿಗೆ ಇಳಿಯುವ ಊರಿನಲ್ಲಿ, ಮನೆಗಳಿಗೆ ಫರ್ನೇಸೂ ಇಲ್ಲದಿರುವಾಗ, ಗೂಡು 24ರ ಮೇಲಿರಬೇಕೆಂದರೆ ಅಲ್ಲಿಯೂ ಥರ್ಮೋಸ್ಟಾಟ್, ಹೀಟರ್ ಬೇಕೇ ಬೇಕು. ಏಪ್ರಿಲ್‌ನಲ್ಲಿ ಮಾತ್ರ ತಣ್ಣಗಿನ ಬದಿಯನ್ನು ತಣ್ಣಗಿಡುವುದೇ ಕಷ್ಟವಾಗುತ್ತದೆ. 230 ವೋಲ್ಟಿನ ಆ ದೇಶಕ್ಕೆ ಇಲ್ಲಿಯ 120 ವೋಲ್ಟಿನ ಹೀಟರುಗಳನ್ನು ಒಯ್ಯುವುದರಲ್ಲಿ ಅರ್ಥವಿಲ್ಲ. ಹಾವನ್ನೇ ಒಯ್ಯುವುದಾದರೆ, ಈ ಜಾತಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ ಎರಡೂ ದೇಶಗಳ ಪರವಾನಗಿಗಳು ಬೇಕು. ಭಾರತದಲ್ಲಿ ಇಂಥ ವಿದೇಶಿ ಪ್ರಾಣಿಗಳ ನೋಂದಣಿಗೆ 2024ರಲ್ಲಿ ನಿಯಮಗಳೂ ಬಂದಿವೆ. ಹೊರಡುವ ಒಂದು ವರ್ಷ ಮೊದಲೇ ಕಾಗದಪತ್ರಕ್ಕೆ ಕೈಹಾಕಿ. ಇದನ್ನು ಇಲ್ಲೇ ಬಿಟ್ಟು ಅಲ್ಲಿ ನಮ್ಮದೇ ಹಾವೊಂದನ್ನು ಸಾಕೋಣವೆಂದು ಮಗ ಕೇಳಿದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧವೆಂದು ಈಗಲೇ ಹೇಳಿಬಿಡಿ.

ಈ ವಾರದ ಕೆಲಸ ಹೀಗಿರಲಿ. ಇಂದು ಹೊಟ್ಟೆ ನೋಡಿ, ಮ್ಯಾಟಿಗೆ ಥರ್ಮೋಸ್ಟಾಟ್ ಸಿಗುವವರೆಗೆ ಅದನ್ನು ಆರಿಸಿ. ಅಲ್ಲಿಯವರೆಗೆ ಕೆಂಪು ಬಲ್ಬೇ ಇರಲಿ, ಒಂದೆರಡು ರಾತ್ರಿಯ ಬೆಳಕಿನಿಂದ ಹಾವು ಕೆಡುವುದಿಲ್ಲ. ನಾಳೆ ಗೂಡನ್ನು ಕಿಟಕಿಯಿಂದ ಸರಿಸಿ ಮೇಜಿಗೆ ಏರಿಸಿ, ಜಾಲರಿ ಮತ್ತು ಗಾಜು ಮುಚ್ಚಿ. ಅದಾದ ಮೂರನೆಯ ದಿನ ಬೆಳಗಿನ ಐದು ಗಂಟೆಗೆ, ಮನೆಯ ಥರ್ಮೋಸ್ಟಾಟ್ ಇನ್ನೂ ರಾತ್ರಿಯ ಮಟ್ಟದಲ್ಲೇ ಇರುವ ಹೊತ್ತಿಗೆ, ಎರಡು ಅಡಗುದಾಣಗಳ ಅಂಕಿಗಳನ್ನು ಓದಿಕೊಳ್ಳಿ. ತಣ್ಣಗಿನ ಕಡೆ 24 ಇದ್ದರೆ 100 ವಾಟ್ ಸೆರಾಮಿಕ್ ಹೀಟರ್ ನಿಮಗೆ ಸಾಕು. 21ಕ್ಕಿಂತ ಕೆಳಗಿದ್ದರೆ ಆ ಅಂಕಿಗಳ ಜೊತೆಗೆ ಗೂಡಿನ ಚಿತ್ರವೊಂದನ್ನೂ ಕಳುಹಿಸಿ. ಬಿಸಿ ಇನ್ನೂ ಎಲ್ಲಿಂದ ಸೋರುತ್ತಿದೆಯೆಂದು ನೋಡಿ, ಬಲ್ಬು ದೊಡ್ಡದಾಗಬೇಕೇ ಎಂಬುದನ್ನು ಆಗ ತೀರ್ಮಾನಿಸೋಣ.